ರುಮಾಲು ಸುತ್ತಿದವಳು

ಮುದುಕರ ಆರೈಕೆಗೆ ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಲು ವಿಮಾ ಕಂಪನಿಯೊಂದರ ಹುಡುಗಿ ನರೋಣಾದ ನಮ್ಮ ಮನೆಗೆ ಬಂದಿದ್ದಳು. ಮಾವನಿಗೆ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು. ಬಂದವರೆದುರು ಬರಿತಲೆಯಲ್ಲಿ ಇರಬಾರದೆಂದು ನಾನೇ ಅವರಿಗೆ ಜಳಕ ಮಾಡಿಸಿ, ಒಗೆದ ಧೋತರ ಉಡಿಸಿ, ರುಮಾಲು ಸುತ್ತಿ, ಬಿದ್ದುಹೋದ ಬಲಗೈ ಮೇಲೆ ಶಲ್ಯ ಹೊದಿಸಿ ಪಡಸಾಲೆಯಲ್ಲಿ ಕೂರಿಸಿದ್ದೆ.

“ಜಳಕಾ ನೀವೇ ಮಾಡ್ತೀರೇನ್ರಿ?” ಎಂದು ಹುಡುಗಿ ಕೇಳಿದಳು.

“ಹೌದ್ರಿ. ನಂದೆಲ್ಲಾ ನಾನೇ ಮಾಡ್ಕೋತೇನಿ,” ಎಂದರು ಮಾವ. “ಈ ರುಮಾಲ ನೋಡ್ರಿ. ಬ್ಯಾರೇದವ್ರು ಸುತ್ತಿದ್ರ ಹಿಂಗ ಕುಂದ್ರತದೇನು?”

ಪಕ್ಕದಲ್ಲಿದ್ದ ಗಂಡ ಹೌದೆಂದು ತಲೆಯಾಡಿಸಿದ. ಚಹಾ ತಂದ ನನ್ನನ್ನು ನೋಡಿ ಆಕೆ, “ಇವ್ರು ಏನ್ ಮಾಡ್ತಾರ್ರಿ?” ಎಂದಳು.

“ಏನಿಲ್ರಿ, ಮನ್ಯಾಗ ಇರ್ತಾಳ,” ಎಂದ ಗಂಡ. ಆಕೆ ಅದನ್ನೂ ಬರೆದುಕೊಂಡಳು.

ನಾನು ಚಹಾ ಆಕೆಯ ಮುಂದಿಟ್ಟು ಒಳಗೆ ಹೋದೆ. ಪರವೂರಿನವರೆದುರು ಹಿರಿಯರ ಮರ್ಯಾದೆ ಕಳೆಯಬಾರದೆಂಬ ಸುಡುಗಾಡು ಬುದ್ಧಿ ನನಗೂ ಇತ್ತು.

ಆಕೆಯ ಗಾಡಿಯ ಸಪ್ಪಳ ಓಣಿ ದಾಟುವ ಮೊದಲೇ ಮಾವ ಕೂಗಿದರು: “ಲಗೂನ ಬಾ ಬೇ, ಧೋತರ ಹಸಿ ಆಗ್ಯಾದ.”

ಅವರನ್ನು ಎತ್ತಿ, ಹೊರಳಿಸಿ ಧೋತರ ಬದಲಿಸಿದೆ. ರುಮಾಲು ಮಾತ್ರ ಒಂಚೂರೂ ಸಡಿಲಾಗಲಿಲ್ಲ. ಅಷ್ಟು ಬಿಗಿಯಾಗಿ ಸುತ್ತಿದ್ದೆ.