ಅಂತರಘಟ್ಟಮ್ಮ ಬಾಗಿಲು ಕಿತ್ತ ಬೀರು

ಹೊನ್ನಾಳಿಯ ಹಳೇ ಪೇಟೆಯಲ್ಲಿ ಇನ್ನೂ ಹಾಲಿನವರ ಸೈಕಲ್ ಗಂಟೆ ಕೇಳಿಸಿಲ್ಲ. ಹೊಳೆ ಕಡೆಯ ಗಾಳಿಗೆ ಕಿಟಕಿಯ ಒಂದು ರೆಕ್ಕೆ ಪಟಪಟ ಬಡಿಯುತ್ತಿದೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮಹಡಿ ಕೋಣೆಯಲ್ಲಿ ಸಾಲಾಗಿ ಮಲಗಿರುವ ಹುಡುಗಿಯರ ಕಾಲು ತುಳಿಯದಂತೆ, ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂತರಘಟ್ಟಮ್ಮ ಗೋಡೆ ಬೀರಿನ ಮುಂದೆ ಬಂದು ನಿಲ್ಲುತ್ತಾರೆ. ಹಳೇ ಸೀರೆಯಿಂದ ಹೊಲಿದ ಪರದೆ ಸರಿಸುತ್ತಾರೆ. ದೀಪ ಹಚ್ಚುವುದಿಲ್ಲ. ಕೈಯಾಡಿಸಿದರೆ ಸಾಕು, ಯಾರ ಲಂಗ ಯಾವ ಗೂಡಿನಲ್ಲಿದೆ, ಯಾರು ನಿನ್ನೆ ಅವಸರದಲ್ಲಿ ಮಡಿಸದೆ ತುರುಕಿದ್ದಾರೆ ಎಲ್ಲ ತಿಳಿಯುತ್ತದೆ. ತುರುಕಿದ್ದನ್ನು ಹೊರಗೆಳೆದು, ಕೊಡವಿ, ಮತ್ತೆ ಮಡಿಸುತ್ತಾರೆ.

"ಆಯಾಮ್ಮ, ನನ್ನ ರಿಬ್ಬನ್ನು?" ಮೂಲೆಯಿಂದ ನಿದ್ದೆಗಣ್ಣಿನ ದನಿಯೊಂದು ಕೇಳುತ್ತದೆ.

"ಬಲಗಡೆ ಮೊಳೆಗೆ ಐತೆ. ಇಟ್ಟೋಳು ನೀನು, ಕೇಳೋದು ನನ್ನನ್ನಾ? ಏಳು ಮೇಲೆ."

ಬೆಲ್ಲದ ವ್ಯಾಪಾರಿಯೊಬ್ಬರು ಕಟ್ಟಿಸಿ, ಸಾಯುವ ಮುಂಚೆ ಹಾಸ್ಟೆಲ್ಲಿಗೆಂದು ದಾನ ಕೊಟ್ಟ ಮನೆ ಇದು. ಕೆಳಗೆ ಅಡುಗೆ, ಊಟ, ಓದು. ಮಹಡಿಯ ಮೇಲೆ ಇರುವುದು ಇದೊಂದೇ ಕೋಣೆ. ವ್ಯಾಪಾರಿ ದಂಪತಿ ಮಲಗುತ್ತಿದ್ದ ಈ ಕೋಣೆಯಲ್ಲಿ ಈಗ ಹದಿನೆಂಟು ಹುಡುಗಿಯರು ಮಲಗುತ್ತಾರೆ, ಬಟ್ಟೆ ಬದಲಿಸುತ್ತಾರೆ, ತಲೆ ಬಾಚುತ್ತಾರೆ, ಜಗಳವಾಡುತ್ತಾರೆ. ಇಷ್ಟಾದರೂ ನೆಲದ ಮೇಲೆ ಒಂದು ಟ್ರಂಕಿಲ್ಲ, ಗಂಟಿಲ್ಲ, ಹಗ್ಗದ ಮೇಲೆ ಜೋತುಬಿದ್ದ ಒಂದು ಬಟ್ಟೆಯಿಲ್ಲ. ಇದ್ದಬದ್ದದ್ದೆಲ್ಲ ಆ ಒಂದು ಗೋಡೆ ಬೀರಿನ ಹೊಟ್ಟೆಯಲ್ಲಿದೆ. ಆ ಬೀರಿಗೆ ಬಾಗಿಲಿಲ್ಲ. ಬಾಗಿಲು ಕಿತ್ತವರು ಅಂತರಘಟ್ಟಮ್ಮ. ಅದಕ್ಕಾಗಿ ಕೆಲಸ ಕಳೆದುಕೊಂಡವರೂ ಅವರೇ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಅವರ ತವರು. ನಲ್ಲೂರಿನ ಮಾರಪ್ಪನ ಕೈಹಿಡಿದ ಮೇಲೆ ಚನ್ನಗಿರಿಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಗಿರಾಕಿಗಳು ಬಿಚ್ಚಿ ನೋಡಿ ಬೇಡವೆಂದು ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಿಸಿಡುವ ಕೆಲಸ. ಅದೂ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು. ಅಂಗಡಿಯ ಮುಂಭಾಗಕ್ಕೆ ಬರುವಂತಿರಲಿಲ್ಲ. ಕೇರಿಯವಳ ಕೈಯಲ್ಲಿ ಮಡಿಸಿದ ಸೀರೆಯೆಂದು ಗೊತ್ತಾದರೆ ಗಿರಾಕಿಗಳು ಮೆಟ್ಟಿಲು ಹತ್ತುವುದಿಲ್ಲ ಎಂಬುದು ಮಾಲೀಕರ ಹೆದರಿಕೆ. ಕೆಲವು ವರ್ಷ ಅದನ್ನು ಸಹಿಸಿಕೊಂಡರು. ಒಂದು ದಿನ ಅಂಗಡಿಯ ಮುಂಭಾಗದಿಂದ, "ಏನು ಚೆಂದ ಮಡಿಸಿದ್ದೀರಿ, ಗೆರೆ ಹೊಡೆದಂಗೆ ಐತೆ" ಎಂದು ಯಾರೋ ಹೆಂಗಸು ಮಾಲೀಕರನ್ನು ಹೊಗಳಿದ್ದು ಕಿವಿಗೆ ಬಿತ್ತು. ಅಂತರಘಟ್ಟಮ್ಮ ಎದ್ದು ಬಂದು ಹೊಸ್ತಿಲಲ್ಲಿ ನಿಂತರು.

"'ಮಡಿಸಿದ್ದು ನಾನು ಕಣವ್ವ. ಚೆನ್ನಾಗಿ ಉಟ್ಕೋ' ಅಂದೆ. ಆಯಮ್ಮ ಸೀರೆ ತಗೊಂಡೇ ಹೋದ್ಲು. ನನ್ನನ್ನ ಮಾತ್ರ ಅವತ್ತೇ ಮನೆಗೆ ಕಳಿಸಿದ್ರು," ಎಂದು ನಗುತ್ತಾರೆ ಅವರು.

ಮಾರಪ್ಪನಿಗೆ ಹೊನ್ನಾಳಿಯ ಸಂತೆಮಾಳದಲ್ಲಿ ಹಮಾಲಿ ಕೆಲಸ ಸಿಕ್ಕಿತು. ಗಂಡನ ಜೊತೆ ಬಂದ ಅಂತರಘಟ್ಟಮ್ಮ ಈ ಹಾಸ್ಟೆಲ್ಲಿಗೆ ಆಯಾ ಆಗಿ ಸೇರಿದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗುಡಿಸುವುದು, ಪಾತ್ರೆ ತೊಳೆಯುವುದು, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದು ಅವರ ಪಾಲಿನ ಕೆಲಸ. ಮಹಡಿ ಕೋಣೆಯ ಗೋಡೆ ಬೀರಿಗೆ ಆಗ ದಪ್ಪ ಮರದ ಎರಡು ಬಾಗಿಲು, ಅದಕ್ಕೊಂದು ಬೀಗ. ಬೀಗದ ಕೈ ಹಾಸ್ಟೆಲ್ ಕಮಿಟಿಯ ಅಧ್ಯಕ್ಷ ಮಹೇಶ್ವರಪ್ಪನವರ ಸೊಂಟದಲ್ಲಿ. ನ್ಯಾಮತಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಾಹುಕಾರರು ಅವರು. ಮದುವೆ ಮುಂಜಿಗೆ ಬಾಡಿಗೆಗೆ ಕೊಡುವ ಕೊಪ್ಪರಿಗೆ, ಹಂಡೆ, ಜಮಖಾನ, ಗ್ಯಾಸ್‌ಲೈಟುಗಳನ್ನು ಬೀರಿನೊಳಗೆ ಪೇರಿಸಿದ್ದರು. ಹುಡುಗಿಯರ ಟ್ರಂಕುಗಳು ನೆಲದ ಮೇಲಿದ್ದವು. ಹನ್ನೆರಡು ಹುಡುಗಿಯರು ಟ್ರಂಕುಗಳ ನಡುವೆ ಸಿಕ್ಕ ಸಂದಿಯಲ್ಲಿ ಮುದುರಿಕೊಂಡು ಮಲಗುತ್ತಿದ್ದರು.

ಎಂಬತ್ತೆರಡರ ಜೂನ್ ತಿಂಗಳು. ಜಗಳೂರು ಕಡೆಯ ಪಾಲಣ್ಣ ಎಂಬಾತ ಭತ್ತದ ಗದ್ದೆಯ ಕೂಲಿಗೆಂದು ಇತ್ತ ಬಂದವನು, ಮಗಳು ಕೆಂಪಕ್ಕನನ್ನೂ ತಮ್ಮನ ಮಗಳು ಬೊಮ್ಮಕ್ಕನನ್ನೂ ಕರೆದುಕೊಂಡು ಹಾಸ್ಟೆಲ್ ಬಾಗಿಲಿಗೆ ಬಂದ. ಇಬ್ಬರೂ ಹುಡುಗಿಯರು ಏಳನೇ ಕ್ಲಾಸು ಪಾಸು. ವಾರ್ಡನ್ ಗಾದ್ರಮ್ಮ ಮೇಡಂ ಒಳ್ಳೆಯವರು, ಆದರೆ ಕಮಿಟಿಯೆಂದರೆ ನಡುಗುವವರು. "ಜಾಗ ಇಲ್ಲಪ್ಪ, ಅಧ್ಯಕ್ಷರು ಇನ್ನೊಬ್ಬರನ್ನೂ ಸೇರಿಸಬೇಡಿ ಅಂದಿದ್ದಾರೆ" ಎಂದು ಕೈಚೆಲ್ಲಿದರು. ಪಾಲಣ್ಣ ಜಗಳ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಆಯ್ತು ಬಿಡ್ರಿ. ಇನ್ನೊಂದು ವರ್ಷಕ್ಕೆ ಹೆಂಗೂ ಗಂಡು ನೋಡಾಕೆ ಬೇಕಿತ್ತು" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡ.

ಪಡಸಾಲೆ ಒರೆಸುತ್ತಿದ್ದ ಅಂತರಘಟ್ಟಮ್ಮ ಆ ಮಾತಿಗೆ ತಲೆಯೆತ್ತಿದರು. ಕೆಂಪಕ್ಕ ಅಪ್ಪನ ಮುಖ ನೋಡುತ್ತಿರಲಿಲ್ಲ. ಮಹಡಿಯ ಮೆಟ್ಟಿಲನ್ನೇ ನೋಡುತ್ತಿದ್ದಳು. "ಆ ನೋಟ ನನಗೆ ತಡಕಳಾಕೆ ಆಗ್ಲಿಲ್ಲ ರೀ. ಜಾಗ ಇಲ್ಲ ಅನ್ನೋದು ಸುಳ್ಳು. ಜಾಗ ಇತ್ತು. ಅದರಾಗೆ ಕೊಪ್ಪರಿಗೆ ಮಲಗಿತ್ತು," ಎನ್ನುತ್ತಾರೆ ಅವರು.

"ಎಲ್ಲಿಗೂ ಹೋಗಬ್ಯಾಡ, ಕೂತ್ಕೋ," ಎಂದು ಪಾಲಣ್ಣನಿಗೆ ಹೇಳಿ ಅಡುಗೆಮನೆಯಿಂದ ಗುಂಡುಕಲ್ಲು ತಂದರು. ಹುಡುಗಿಯರೆಲ್ಲ ಶಾಲೆಗೆ ಹೋಗಿದ್ದ ಹೊತ್ತು. ಬೀಗದ ತಂಟೆಗೆ ಹೋಗಲಿಲ್ಲ. ಬಾಗಿಲಿನ ಅಂಚಿನ ಕೀಲುಗಳ ಕೆಳಗೆ ದಪ್ಪ ಮೊಳೆಯೊಂದನ್ನಿಟ್ಟು ಗುಂಡುಕಲ್ಲಿನಿಂದ ಕುಟ್ಟಿದರು. ತುಕ್ಕು ಹಿಡಿದ ಕಡ್ಡಿಗಳು ಒಂದೊಂದಾಗಿ ಮೇಲೆದ್ದವು. ಬೀಗ ಬೀಗವಾಗಿಯೇ ಉಳಿಯಿತು, ಬಾಗಿಲು ಮಾತ್ರ ಇಡಿಯಾಗಿ ಕಳಚಿ ಬಂತು. ಪಾಲಣ್ಣ ಅದನ್ನು ಹಿಡಿದುಕೊಂಡ. ಸದ್ದು ಕೇಳಿ ಓಡಿ ಬಂದ ಗಾದ್ರಮ್ಮ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಂತರಘಟ್ಟಮ್ಮ, ಏನು ಮಾಡ್ತಿದ್ದೀಯ? ಇಬ್ಬರ ಕೆಲಸಾನೂ ಹೋಗುತ್ತೆ!"

"ನಿಮ್ಮದು ಹೋಗಲ್ಲ ಮೇಡಮ್ಮೋರೇ. ನೀವು ನೋಡೇ ಇಲ್ಲ ಅನ್ರಿ. ಕಿತ್ತೋಳು ನಾನು."

ಕೊಪ್ಪರಿಗೆ, ಹಂಡೆಗಳೆಲ್ಲ ಕೆಳಗಿನ ಜಗಲಿಗೆ ಇಳಿದವು. ಬೀರು ಎಷ್ಟು ಎತ್ತರವೋ ಅಷ್ಟೇ ಅಗಲ, ಮನುಷ್ಯ ಅಡ್ಡ ಮಲಗುವಷ್ಟು. ಒಳಗೆ ಇದ್ದುದು ಎರಡೇ ಹಲಗೆ. ನಡುವಿನ ಖಾಲಿ ಜಾಗವೆಲ್ಲ ದಂಡ. ಅಂತರಘಟ್ಟಮ್ಮ ಬಾಗಿಲುಗಳ ಚಿಲಕವನ್ನು ಬೀಗದ ಸಮೇತ ಕಿತ್ತು, ಅವೆರಡನ್ನೇ ಅಡ್ಡ ಮಲಗಿಸಿ, ಇಟ್ಟಿಗೆಯ ಆಸರೆ ಕೊಟ್ಟು ಇನ್ನೆರಡು ಹಲಗೆ ಮಾಡಿಕೊಂಡರು. ಬಾಗಿಲು ತೆರೆದು ಮುಚ್ಚಲು ಬೇಕಾಗಿದ್ದ ನೆಲವೂ ಉಳಿಯಿತು. ಅಲ್ಲಿ ಇಬ್ಬರು ಹುಡುಗಿಯರು ಮಲಗಬಹುದು.

ಸಂಜೆ ಶಾಲೆಯಿಂದ ಬಂದ ಹುಡುಗಿಯರಿಗೆ ಟ್ರಂಕು ಬಿಚ್ಚಲು ಹೇಳಿದರು. ಗಲಾಟೆ ಶುರುವಾಯಿತು. ಟ್ರಂಕಿದ್ದವರು ಬಿಚ್ಚಲು ಒಪ್ಪಲಿಲ್ಲ, ಬರೀ ಗಂಟು ತಂದಿದ್ದವರು ತೋರಿಸಲು ನಾಚಿದರು. ಅಂತರಘಟ್ಟಮ್ಮ ಎಲ್ಲರಿಗೂ ಒಂದೇ ಅಳತೆಯ ತುಂಡು ಬಟ್ಟೆ ಹರಿದು ಕೊಟ್ಟರು. ಬಟ್ಟೆಯನ್ನು ಅಂಗೈಯಗಲ ಮಡಿಸಿ, ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ಪಕ್ಕಪಕ್ಕ ನಿಲ್ಲಿಸುವುದನ್ನು ಕಲಿಸಿದರು. ಒಂದನ್ನು ಎಳೆದರೆ ಇನ್ನೊಂದು ಬೀಳುವುದಿಲ್ಲ. ಮೇಲೆ ಆ ತುಂಡು ಬಟ್ಟೆ ಸುತ್ತಿದರೆ ರೇಷ್ಮೆ ಲಂಗ ಇದ್ದವಳ ಗೂಡೂ ತೇಪೆ ಹಾಕಿದ ಲಂಗದವಳ ಗೂಡೂ ಹೊರಗಿನಿಂದ ಒಂದೇ. ಸಣ್ಣ ಟ್ರಂಕನ್ನು ದೊಡ್ಡದರೊಳಗೆ ಇಟ್ಟು ಮೆಟ್ಟಿಲ ಕೆಳಗೆ ತಳ್ಳಿದರು. ತಟ್ಟೆ, ಲೋಟ, ಚೀಲಗಳು ಬೀರಿನ ಒಳಗೋಡೆಯ ಮೊಳೆಗಳಿಗೆ ಏರಿದವು. ಹಾಸಿಗೆ ಸುರುಳಿಗಳು ಮೇಲಿನ ಹಲಗೆಗೆ ಹೋದವು. ಬಾಗಿಲಿದ್ದ ಜಾಗಕ್ಕೆ ಹಳೇ ಸೀರೆಯ ಪರದೆ ಬಂತು.

ಇನ್ನೊಂದು ಕೆಲಸವಿತ್ತು. ಮುಟ್ಟಿನ ಬಟ್ಟೆಯನ್ನು ಹುಡುಗಿಯರು ಟ್ರಂಕಿನ ಅಡಿಯಲ್ಲಿ ಹಸಿಹಸಿಯಾಗಿ ಬಚ್ಚಿಡುತ್ತಿದ್ದರು. ತುರಿಕೆ, ಹುಣ್ಣು ಎಂದು ಅಳುತ್ತಿದ್ದರು. "ಬಿಸಿಲಾಗೆ ಒಣಗಿಸ್ರಿ, ಕದ್ದ ಮಾಲಲ್ಲ ಅದು," ಎಂದು ಅಂತರಘಟ್ಟಮ್ಮ ಗದರಿದರು. ಒಬ್ಬೊಬ್ಬರಿಗೆ ಒಂದೊಂದು ಕೈಚೀಲ ಹೊಲಿದು ಕೊಟ್ಟು, ಅವುಗಳಿಗೆ ಜಾಗ ಮಾಡಿದರು. ಮೂಲೆಯಲ್ಲಲ್ಲ. ನಡುವಿನ ಹಲಗೆಯ ಮುಂಭಾಗದಲ್ಲಿ, ಕಣ್ಣಿಗೆ ನೇರವಾಗಿ.

ಭಾನುವಾರ ಮಹೇಶ್ವರಪ್ಪ ಬಂದರು. ಜಗಲಿಯ ಮೇಲೆ ಬಿಸಿಲು ಕಾಯುತ್ತಿದ್ದ ಕೊಪ್ಪರಿಗೆ ಕಂಡು ಸ್ಕೂಟರಿನಿಂದ ಇಳಿಯುವ ಮುಂಚೆಯೇ ಕೂಗಾಡಿದರು.

"ನಮ್ಮ ಪಾತ್ರೆ ಮುಟ್ಟಾಕೆ ನಿನಗೆ ಯಾರು ಹೇಳಿದ್ರು?"

"ಇಷ್ಟು ವರ್ಷ ತಿಕ್ಕಿ ತೊಳೆದೋಳು ನಾನೇ ಅಲ್ವೇನ್ರೀ ಸಾಹುಕಾರ್ರೇ? ತೊಳೆಯಾಕೆ ಮುಟ್ಟಬೌದು, ಎತ್ತಿಡಾಕೆ ಮುಟ್ಟಬಾರ್ದಾ?"

ಅಧ್ಯಕ್ಷರ ಮುಖ ಕೆಂಪೇರಿತು. ಸಂಜೆಯೊಳಗೆ ಪಾತ್ರೆಗಳೆಲ್ಲ ಒಳಗೆ ಹೋಗಬೇಕು, ಇಲ್ಲವಾದರೆ ನಾಳೆಯಿಂದ ಬರಬೇಡ ಎಂದರು. "ಕೆಲಸದಿಂದ ಬಿಡಿಸ್ರಿ. ನಿಮ್ಮ ಕೈಯಾಗೈತೆ. ಪಾತ್ರೆ ಮಾತ್ರ ಒಳಗೆ ಹೋಗಲ್ಲ," ಎಂದರು ಅಂತರಘಟ್ಟಮ್ಮ.

ಮರುದಿನ ಗಿರಣಿಯಿಂದ ಇಬ್ಬರು ಹಮಾಲಿಗಳು ಬಂದರು. ಕೆಲಸ ಹೋಗಿದ್ದರೂ ಅಂತರಘಟ್ಟಮ್ಮ ಎಂದಿನಂತೆ ಬಂದು ಮಹಡಿ ಗುಡಿಸುತ್ತಿದ್ದರು. "ಬರ್ರಿ, ಬರ್ರಿ," ಎಂದು ತಾವೇ ಪರದೆ ಸರಿಸಿದರು. "ಇವೆಲ್ಲ ತೆಗೆದು ನೆಲಕ್ಕೆ ಹಾಕಿ, ನಿಮ್ಮ ಕೊಪ್ಪರಿಗೆ ಇಟ್ಕೋರಿ. ಮೊದಲು ಮುಂದಿನ ಸಾಲು ತೆಗೀರಿ. ಹುಡುಗೇರ ಮುಟ್ಟಿನ ಬಟ್ಟೆ ಅವು."

ಚೀಲದ ಕಡೆಗೆ ಚಾಚಿದ್ದ ಕೈ ಹಿಂದೆ ಬಂತು. ಇಬ್ಬರಲ್ಲಿ ಹಿರಿಯವನಾದ ಧರ್ಮಪ್ಪ ತಲೆ ತಗ್ಗಿಸಿ ನಿಂತ. ಅವನಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದರು. "ಹೆಣ್ಣುಮಕ್ಕಳ ಬಟ್ಟೆಗೆ ಕೈಹಾಕೋ ಕೆಲಸ ನಮ್ಮದಲ್ಲಕ್ಕ. ಸಾಹುಕಾರ್ರು ಬೇಕಾದ್ರೆ ತಾವೇ ಬಂದು ತೆಗೀಲಿ," ಎಂದು ಮೆಟ್ಟಿಲಿಳಿದು ಹೋದ. ಸಾಹುಕಾರರು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಎತ್ತಿನ ಗಾಡಿಯೊಂದು ಬಂದು ಕೊಪ್ಪರಿಗೆಗಳನ್ನು ನ್ಯಾಮತಿಯ ಗಿರಣಿಗೆ ಹೊತ್ತುಕೊಂಡು ಹೋಯಿತು. ಗಾದ್ರಮ್ಮ ಮೇಡಂ ಅಂದೇ ಕೆಂಪಕ್ಕ, ಬೊಮ್ಮಕ್ಕರ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಿದರು.

ಕೆಲಸ ಮಾತ್ರ ತಕ್ಷಣ ಮರಳಿ ಸಿಗಲಿಲ್ಲ. ದೀಪಾವಳಿ ದಾಟುವ ತನಕ ಅಂತರಘಟ್ಟಮ್ಮ ಬೆಳಗ್ಗೆ ಗದ್ದೆ ಕೂಲಿಗೆ ಹೋಗುವ ಮುನ್ನ ಬಂದು ಬೀರು ನೋಡಿಕೊಂಡು ಹೋಗುತ್ತಿದ್ದರು. "ಇವಳಿಗೆ ಹುಚ್ಚು" ಎಂದು ಮಾರಪ್ಪ ಗೊಣಗಿದರು. ಆದರೆ ಬೀರಿನ ಒಳಗೋಡೆಗೆ ಹೊಡೆಯಲು ಇನ್ನಷ್ಟು ಮೊಳೆ ತಂದುಕೊಟ್ಟವರೂ ಅವರೇ. ಆಮೇಲೆ ಒಂದು ದಿನ, ಯಾರೂ ಬಾಯಿಬಿಟ್ಟು ಕರೆಯದೆ, ಅವರ ಹೆಸರು ಮತ್ತೆ ಕೆಲಸದವರ ಸಾಲಿಗೆ ಬಂತು. ಕಾಯಂ ಮಾಡಲಿಲ್ಲ. ಇಂದಿಗೂ ಮಾಡಿಲ್ಲ.

ಕೆಂಪಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ನರ್ಸ್ ತರಬೇತಿಯಲ್ಲಿದ್ದಾಳೆ. ಬೊಮ್ಮಕ್ಕನ ಮಾತು ಬಂದರೆ ಅಂತರಘಟ್ಟಮ್ಮ ಮಡಿಸುತ್ತಿದ್ದ ಲಂಗವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಒಂಬತ್ತನೇ ಕ್ಲಾಸಿನ ನಡುವೆಯೇ ಮನೆಯವರು ಬಂದು ಕರೆದುಕೊಂಡು ಹೋಗಿ ಮದುವೆ ಮಾಡಿದರು. "ಆಕೆಗೆ ಇಲ್ಲಿ ಜಾಗ ಇತ್ತು. ಅಷ್ಟೇ ಸಾಲಲ್ಲ ಅಂತ ಅವತ್ತು ಗೊತ್ತಾತು. ಆಕೆ ಗೂಡು ಒಂದು ತಿಂಗಳು ಖಾಲಿ ಬಿಟ್ಟಿದ್ದೆ ರೀ. ಬರ್ತಾಳೇನೋ ಅಂತ."

ಎಂಬತ್ತೆಂಟರ ಈ ಜೂನ್ ತಿಂಗಳಲ್ಲೂ ಹೆಣ್ಣುಮಕ್ಕಳು ಬರುತ್ತಲೇ ಇದ್ದಾರೆ. ಮೊನ್ನೆ ಗೋವಿನಕೋವಿಯಿಂದ ಭೀಮಕ್ಕ ಎಂಬ ಮುದುಕಿ ಮೊಮ್ಮಗಳ ಕೈಹಿಡಿದು ಬಂದಿದ್ದಳು. ತಾಯಿಯಿಲ್ಲದ ಹುಡುಗಿ, ಕಂಕುಳಲ್ಲಿ ಒಂದು ಗಂಟು. ಗಾದ್ರಮ್ಮ ಮೇಡಂ ಕನ್ನಡಕ ಸರಿಪಡಿಸಿಕೊಂಡು, "ನೋಡಜ್ಜಿ, ಈಗಾಗಲೇ ಹದಿನೆಂಟು ಮಕ್ಕಳು..." ಎಂದು ರಾಗ ಎಳೆಯುತ್ತಿದ್ದರು. ಅಷ್ಟರಲ್ಲಿ ಹುಡುಗಿಯ ಗಂಟು ಅಂತರಘಟ್ಟಮ್ಮನ ಸೊಂಟದ ಮೇಲಿತ್ತು. ಅರ್ಧ ಮೆಟ್ಟಿಲು ಹತ್ತಿಯೂ ಆಗಿತ್ತು.

"ಅಲ್ಲೇ ನಿಂತು ಏನು ನೋಡ್ತೀಯವ್ವ? ಹತ್ತು ಮೇಲೆ," ಎಂದು ಅವರು ತಿರುಗಿ ನೋಡದೆಯೇ ಹುಡುಗಿಯನ್ನು ಕರೆದರು. "ನಾನಿರೋ ತನಕ ಈ ಮನೆ ತುಂಬಲ್ಲ."