ಮನಿಯವ್ರು ಚಾಲೂ ಮಾಡಿದ ಸರ್ವರ್

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯೊಂದರ ಸರ್ವರ್‌ಗೆ ಭದ್ರತೆಯ ತೇಪೆ, ಅಂದರೆ ಪ್ಯಾಚ್, ಹಾಕಲು ಹೋಗಿದ್ದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ನೆಟ್‌ವರ್ಕ್ ಕೋಡಿನಲ್ಲಿ ಹ್ಯಾಕರ್‌ಗಳು ನುಸುಳಬಹುದಾದ ದೊಡ್ಡ ತೂತು ಸಿಕ್ಕಿತ್ತು. ಪ್ಯಾಚ್ ಹಾಕಿ, "ಒಮ್ಮೆ ಬಂದ್ ಮಾಡಿ ಚಾಲೂ ಮಾಡಬೇಕ್ರಿ" ಎಂದೆ.

ಕ್ಲಾರ್ಕ್ ಶಾಂತಾಬಾಯಿ ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ಇದನ್ನ ಚಾಲೂ ಮಾಡಿದ್ದು ನಮ್ಮ ಮನಿಯವ್ರು. ಅವ್ರು ತೀರಿಕೊಂಡು ಮೂರು ವರ್ಷಾತು. ಕರೆಂಟ್ ಹೋದ್ರೂ ಬ್ಯಾಟರಿ ಮ್ಯಾಲ ಉಳಿಸ್ಕೊಂಡು ಬಂದೀನಿ."

ಸರ್ವರ್ ಎಷ್ಟು ದಿನದಿಂದ ಓಡುತ್ತಿದೆ ಎಂದು ಪರದೆ ತೋರಿಸುತ್ತಿತ್ತು. ಅದನ್ನು ಅವರು ದಿನಾ ನೋಡುತ್ತಿದ್ದರಂತೆ.

"ಹಿಂಗ ಬಿಟ್ರ ಯಾರು ಬೇಕಾದ್ರೂ ಒಳಗ ಬರ್ತಾರ್ರಿ."

"ಬರಬೇಕಾದವ್ರು ಬರಂಗಿಲ್ಲ ಬಿಡ್ರಿ" ಎಂದರು. ಪರದೆಯ ಅಂಕಿಯನ್ನು ಇನ್ನೊಮ್ಮೆ ನೋಡಿ, ತಾವೇ ಗುಂಡಿ ಒತ್ತಿದರು. ಎಣಿಕೆ ಸೊನ್ನೆಯಿಂದ ಶುರುವಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಲ್ಯಾಪ್‌ಟಾಪೂ ರೀಸ್ಟಾರ್ಟ್ ಕೇಳಿತು. ಊರಿಗೆಲ್ಲ ಬುದ್ಧಿ ಹೇಳುವ ನಾನು 'ಆಮೇಲೆ' ಎಂದು ಒತ್ತಿದೆ.