ಟವೆಲ್ ಹಾಕಿದ ಸೀಟು

ಅಪ್ಪನ ಟವೆಲ್ಲಿಗೆ ಬಟ್ಟೆ ಸೋಪು, ಬೆವರು, ಸ್ವಲ್ಪ ತಂಬಾಕು ಕೂಡಿದ ಒಂದು ವಾಸನೆಯಿದೆ. ರಜೆಗೆ ಊರಿಗೆ ಬಂದ ನಾನು ಇವತ್ತು ಅಪ್ಪನ ಜೊತೆ ಲಕ್ಷ್ಮೇಶ್ವರದ ಬೀಗರ ಮನೆಗೆ ಹೊರಟಿದ್ದೆ. ಗದಗ ಬಸ್ ನಿಲ್ದಾಣದಲ್ಲಿ ಅಪ್ಪ ಎಂದಿನಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ಕೂತ ಮೇಲೆ ಅದನ್ನು ನನ್ನ ತೊಡೆಯ ಮೇಲೆ ಹಾಕಿದಾಗ ಆ ವಾಸನೆ ಬಂತು. ಅದರ ಹಿಂದೆಯೇ ನನಗೆ ಪಾಠ ಹೇಳಿದ ಅಕ್ಕೋರ ನೆನಪು...

ಬಸ್ಸು ಬಿಡುವ ಮೊದಲೇ ಅಪ್ಪ ಹಿಂದಿನ ಸೀಟಿನವರಿಗೆ ತನ್ನ ಕಥೆ ಶುರುಮಾಡಿದ್ದ. ಮಗಳು, ಅಂದರೆ ನಾನು, ಹೊರದೇಶದ ಮೆಡಿಕಲ್ ಕಾಲೇಜು ಸೇರಿದ ಕಥೆ.

"ನಮ್ಮ ಅಕ್ಕೋರಿದ್ರಲ್ರಿ, ಇದ ಬಸ್ಸಿನಾಗ ನಿಂತಗೊಂಡ ಪಾಠ ಹೇಳಿದ್ರು. ಜೀವಮಾನಾ ಪೂರಾ ಕ್ಲಾಸಿನಾಗ ನಿಂತಾವ್ರು. ಕುಂತ್ರ ಅವ್ರಿಗೆ ಪಾಠಾನ ಬರ್ತಿದ್ದಿಲ್ಲ!"

ಎಲ್ಲರೂ ನಕ್ಕರು. ಯಾವಾಗಲೂ ನಗುತ್ತಾರೆ. ಈ ಕಥೆಯನ್ನು ಸುಳ್ಳು ಅನ್ನಲು ಬರುವುದಿಲ್ಲ. ಅಕ್ಕೋರು ನಿಂತಿದ್ದು ಖರೆ, ಪಾಠ ಹೇಳಿದ್ದೂ ಖರೆ. ಯಾಕೆ ನಿಂತರು ಅನ್ನುವುದು ಮಾತ್ರ ಇದರಲ್ಲಿ ಎಲ್ಲೂ ಬರುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರು ಯಾವುದನ್ನು ಹಾರಿಸಿ ಮುಂದೆ ಹೋದರು ಎಂಬುದರ ಮೇಲೇ ನನ್ನ ಕಣ್ಣು.

ನಾನು ಕಟ್ಟಿದ್ದ ಪ್ರವೇಶ ಪರೀಕ್ಷೆಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಮನುಷ್ಯರ ನಡವಳಿಕೆಯ ಮೇಲೂ ಒಂದು ಭಾಗವಿತ್ತು. ಮನಸ್ಸು, ಗುಂಪು, ಸಮಾಜ ಅಂತೆಲ್ಲ. ಗದಗ-ಬೆಟಗೇರಿಯಲ್ಲಿ ಅದನ್ನು ಹೇಳಿಕೊಡುವ ಕೋಚಿಂಗ್ ನಮಗೆ ಸಿಗಲಿಲ್ಲ. ಮುಂಡರಗಿಯಲ್ಲಿ ಶಿಕ್ಷಕರಾಗುವವರಿಗೆ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಅಕ್ಕೋರು ಬೆಟಗೇರಿಯಲ್ಲಿದ್ದರು. ಅಪ್ಪನೇ ಹೋಗಿ, ಕೈಮುಗಿದು ಕೇಳಿಕೊಂಡು ಬಂದ.

ಪಾಠ ನಡೆಯುತ್ತಿದ್ದುದು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ. "ಒಳಗ ಧಗಿ ಆಕ್ಕೇತ್ರಿ ಅಕ್ಕೋರ, ಇಲ್ಲೇ ಗಾಳಿ ಐತಿ" ಅನ್ನುತ್ತಿದ್ದಳು ಅವ್ವ. ಚಳಿಗಾಲದಲ್ಲೂ ಅದನ್ನೇ ಅನ್ನುತ್ತಿದ್ದಳು. ಅಕ್ಕೋರ ಜಾತಿಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. "ಆ ಕಡಿಯವ್ರು" ಅಂದರೆ ಸಾಕಿತ್ತು.

ನಾನು ಒಂದೊಂದು ಶಬ್ದಕ್ಕೂ ಜಗಳ ತೆಗೆಯುತ್ತಿದ್ದೆ.

"ರೂಢಿ, ರೂಢಿ ಅಂತೀರಲ್ರಿ. ಕಾನೂನಿಲ್ಲ, ಪೊಲೀಸಿಲ್ಲ. ಮಂದಿ ಯಾಕ ಕೇಳಬೇಕು?"

"ನಾಳೆ ಬಸ್ಸಿನಾಗ ಒಬ್ಬರ ಟವೆಲ್ ತಗದು ಕುಂತ ನೋಡು ವಕೀಲವ್ವ. ತಾನ ತಿಳೀತೈತಿ!"

ಹಾಗೆಂದು ಅವರು ನಕ್ಕ ಬಗೆ ಈಗಲೂ ಕಿವಿಯಲ್ಲಿದೆ. ಹಲ್ಲಿಗೆ ಸೆರಗು ಅಡ್ಡ ಹಿಡಿದು, ಹುಡುಗಿಯ ಹಾಗೆ...

ಆ ದಿನಗಳಲ್ಲೇ ಒಮ್ಮೆ ಲಕ್ಷ್ಮೇಶ್ವರದಲ್ಲಿ ಯಾರೋ ಒಂದು ಮಾದರಿ ಪರೀಕ್ಷೆ ಇಟ್ಟಿದ್ದರು. ದಾರಿಯುದ್ದಕ್ಕೂ ಪ್ರಶ್ನೆ ಕೇಳಬಹುದೆಂದು ಅಕ್ಕೋರು ತಾವಾಗಿಯೇ ಹೊರಟರು. ಅಪ್ಪ ಟವೆಲ್ ಎಸೆದು ಮೂರು ಮಂದಿಯ ಸೀಟು ಹಿಡಿದ. ಕಿಟಕಿಗೆ ಅಪ್ಪ, ನಡುವೆ ನಾನು. ನನ್ನ ಪಕ್ಕದಲ್ಲಿ ಟವೆಲ್ ಹಾಗೇ ಉಳಿದಿತ್ತು. ಅಕ್ಕೋರು ಕೂರಲು ಬಂದರು. ಅಪ್ಪ ನನ್ನನ್ನು ದಾಟಿ ಕೈಚಾಚಿ ಟವೆಲ್ಲಿನ ಮೇಲಿಟ್ಟ.

"ಅಕ್ಕೋರ, ನಮ್ಮವ್ರು ಶಿರಹಟ್ಟ್ಯಾಗ ಹತ್ತತಾರ್ರಿ. ಅವ್ರಿಗೆ ಹಿಡದೇನಿ."

"ಆತ್ರಿ" ಅಂದು ಅವರು ಕಂಬಿ ಹಿಡಿದರು.

ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಬಂದು ನೋಡಿದ. "ಶಿರಹಟ್ಟಿ ತನಕರ ಕುಂಡ್ರಲಿ ಬಿಡ್ರಿ. ಇಲ್ಲಾ ಟವೆಲ್‌ಗೂ ಒಂದು ಟಿಕೆಟ್ ಹರೀಲೇನ್ರಿ ಯಜಮಾನ್ರ?" ಸುತ್ತಲಿನವರು ನಕ್ಕರು, ಅಪ್ಪನೂ ನಕ್ಕ. ಕೈ ಮಾತ್ರ ಏಳಲಿಲ್ಲ. "ಇರ್ಲಿ ಬಿಡಪಾ, ನನಗ ನಿಂತ ರೂಢಿ ಐತಿ" ಅಂದರು ಅಕ್ಕೋರು.

ಹರ್ತಿ ದಾಟಿದ ಮೇಲೆ ಅಕ್ಕೋರ ಪ್ರಶ್ನೆಗಳು ಶುರುವಾದವು.

"ಪೂರ್ವಗ್ರಹಕ್ಕೂ ತಾರತಮ್ಯಕ್ಕೂ ಫರಕ್ ಏನು?"

ನಾನು ನೆಟ್ಟಗೆ ಕೂತೆ. "ಮನಸ್ಸಿನಾಗಿದ್ರ ಪೂರ್ವಗ್ರಹ, ಮಾಡಿ ತೋರಿಸಿದ್ರ ತಾರತಮ್ಯ."

"ಉದಾಹರಣಿ?"

ಪುಸ್ತಕದಲ್ಲಿದ್ದುದನ್ನೇ ಕೊಟ್ಟೆ. ಯಾವುದೋ ದೂರದ ಶಹರದಲ್ಲಿ ಮೈಬಣ್ಣ ನೋಡಿ ಬಾಡಿಗೆ ಮನೆ ಕೊಡದ ಮಾಲೀಕನ ಕಥೆ. ನಾಲ್ಕು ಮಂದಿಗೆ ಕೇಳಲಿ ಅಂತ ದನಿ ಎತ್ತರಿಸಿಯೇ ಹೇಳಿದೆ. ಅಪ್ಪ ಹೆಮ್ಮೆಯಿಂದ ಸುತ್ತ ನೋಡಿದ. ನನ್ನ ಮೊಣಕೈ ಟವೆಲ್ಲಿನ ಮೇಲಿತ್ತು. ಅಕ್ಕೋರು ಕಿಟಕಿಯಾಚೆ ಎಲ್ಲೋ ನೋಡಿದರು.

"ಬರೋಬರಿ ಐತಿ" ಅಂದರು. "ಮಾರ್ಕ್ಸ್ ಬರ್ತಾವು."

ಶಿರಹಟ್ಟಿಯಲ್ಲಿ ಮಂದಿ ಇಳಿದರು, ಮಂದಿ ಹತ್ತಿದರು. ನಮ್ಮವರು ಯಾರೂ ಹತ್ತಲಿಲ್ಲ. ಅಪ್ಪ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಒಂದು ಸೀಟು ಖಾಲಿಯಾದಾಗ "ಇನ್ನೇನ ಊರ ಬಂತಲ್ಲ" ಅಂದು ಅಕ್ಕೋರು ನಿಂತೇ ಇದ್ದರು. ಲಕ್ಷ್ಮೇಶ್ವರದಲ್ಲಿ ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಮುಂದೆ ಪ್ರವೇಶ ಪರೀಕ್ಷೆಯಲ್ಲಿ ಆ ನಡವಳಿಕೆಯ ಭಾಗದಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಪ್ಪನ ಪರವಾಗಿಯೂ ವಾದಿಸಿ ನೋಡಿದ್ದೇನೆ. ನಿಜವಾಗಿಯೂ ಯಾರೋ ಬರುವವರಿದ್ದರು, ಬಸ್ಸು ತಪ್ಪಿತು ಅನ್ನೋಣ. ಹಾಗಾದರೆ ಯಾಕೆ ಬರಲಿಲ್ಲ ಅಂತ ಒಂದು ಫೋನಾದರೂ ಮಾಡಬೇಡವೇ? ಮನೆಗೆ ಬಂದು ಒಮ್ಮೆಯಾದರೂ ಬೈಯಬೇಡವೇ? ಇನ್ನೊಬ್ಬರ ಟವೆಲ್ ತೆಗೆಯಬಾರದೆಂಬ ರೂಢಿ ಗೊತ್ತಿದ್ದವರು ಅಕ್ಕೋರು. ಅವರು ಅದನ್ನು ತೆಗೆಯಲಾರರೆಂದು ಅಪ್ಪನಿಗೂ ಗೊತ್ತಿತ್ತು. ಇಷ್ಟೆಲ್ಲ ಹೊಂದಿಸಿ ವಾದ ಕಟ್ಟುವ ಹೊತ್ತಿಗೆ ಅಕ್ಕೋರು ಇರಲಿಲ್ಲ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಅವರು ಹೋದ ಖಬರ ಬಂತು. ಅಪ್ಪ ಮಣ್ಣು ಕೊಡಲು ಹೋಗಿ ಮಗುವಿನಂತೆ ಅತ್ತನಂತೆ. ಅದೂ ಖರೆಯೇ ಇರಬೇಕು... ಅದನ್ನು ನೆನೆದಾಗಲೆಲ್ಲ ನಾಚಿಕೆ ಇನ್ನೂ ಹೆಚ್ಚುತ್ತದೆ, ಯಾಕೋ.

ಇವತ್ತು ಅಪ್ಪನ ಕಥೆ, ಮಂದಿಯ ನಗೆ ಎಲ್ಲ ಮುಗಿದು ಎಷ್ಟೋ ಹೊತ್ತಿನ ಮೇಲೆ ಬಸ್ಸು ಶಿರಹಟ್ಟಿಗೆ ಬಂತು. ಬಾಗಿಲು ತೆರೆಯಿತು. ನಾನು ಟವೆಲ್ಲನ್ನು ಮಡಚಿ ಅಪ್ಪನ ಕೈಗಿಟ್ಟೆ. ಚರ್ಚೆಯ ದನಿ ಬರಲಿಲ್ಲ. ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ಕೇಳಿದೆ.

"ಅಪ್ಪಾ, ಅವತ್ತ ಇಲ್ಲಿ ಹತ್ತಾಕ ಯಾರ ಬರಾವ್ರಿದ್ರು?"